ಅಕ್ಷರ ಬಿಡಿಸಿ ನೋಡುವ ಚಟ

ಕರಡು ತಿದ್ದುವವರ ಮೇಜಿನ ಮೇಲೆ ಏನೇನಿರಬೇಕು ಎಂದರೆ ಕೆಂಪು ಪೆನ್ನು, ಒಳ್ಳೆಯ ನಿಘಂಟು, ಒಂದು ಲೋಟ ಕಾಫಿ ಎನ್ನುವುದು ವಾಡಿಕೆ. ನನ್ನ ಮೇಜಿನಲ್ಲಿ ಪೆನ್ನು ಮೂಲೆಗುಂಪಾಗಿದೆ, ನಿಘಂಟು ಫೋನಿನೊಳಗೆ ಹೊಕ್ಕಿದೆ, ಕಾಫಿಯೊಂದು ಸ್ವಸ್ಥಾನದಲ್ಲಿದೆ. ಮಿಕ್ಕ ಜಾಗವನ್ನು ಹಿಡಿದಿರುವುದು ಪರದೆಯ ಬಲಮಗ್ಗುಲಲ್ಲಿ ಸದಾ ತೆರೆದೇ ಇರುವ ಒಂದು ಸಣ್ಣ ಕಿಟಕಿ. ಅದಕ್ಕೆ ಯಾವ ಪದ ಕೊಟ್ಟರೂ ಬಿಡಿಬಿಡಿಯಾಗಿ ಬಿಚ್ಚಿ, ತುಣುಕುಗಳನ್ನು ಒಂದರ ಕೆಳಗೊಂದು ನಿಲ್ಲಿಸಿ, ಪ್ರತಿಯೊಂದರ ಎದುರು ಅದರ ಮನೆ ನಂಬರನ್ನೂ ಹೆಸರನ್ನೂ ಬರೆದು ತೋರಿಸುತ್ತದೆ. ಪದದ ಅರ್ಥ ಅದಕ್ಕೆ ಬೇಡ. ಕಾಗುಣಿತ ಸರಿಯೋ ತಪ್ಪೋ ಎನ್ನುವ ಗೊಡವೆಯೂ ಇಲ್ಲ. ಒಳಗೆ ಏನಿದೆ ಎಂದಷ್ಟೇ ಹೇಳುತ್ತದೆ. ನಾನು ಮನೆಮಂದಿಯ ಮುಖಕ್ಕಿಂತ ಹೆಚ್ಚಾಗಿ ಈ ಕಿಟಕಿಯನ್ನೇ ನೋಡುತ್ತೇನೆಂದು ಮನೆಯಲ್ಲಿ ದೂರಿದೆ. ದೂರು ಸುಳ್ಳೇನಲ್ಲ.

ಕಣ್ಣಿಗೆ ಕಾಣುವ ಅಕ್ಷರವನ್ನು ಬಿಚ್ಚಿ ನೋಡುವುದೇನು ಬಂತು ಎಂದು ಕೇಳುವವರಿದ್ದಾರೆ. ಕಾಗದದ ಮಟ್ಟಿಗೆ ಅವರ ಮಾತು ಸರಿ. ಅಲ್ಲಿ ಶಾಯಿಯ ಹಿಂದೆ ಬೇರೇನೂ ಇಲ್ಲ, ಕಂಡದ್ದೇ ಅಕ್ಷರ. ಪರದೆಯ ಮೇಲಿರುವುದು ಮಾತ್ರ ಒಂದು ಚಿತ್ರ. ಕಂಪ್ಯೂಟರಿನೊಳಗೆ ಸಂಖ್ಯೆಗಳ ಸಾಲೊಂದಿದೆ, ಅದನ್ನು ಓದಿಕೊಂಡು ಫಾಂಟು ಆ ಚಿತ್ರವನ್ನು ಬರೆದುಕೊಡುತ್ತದೆ. ಬೇರೆ ಬೇರೆ ಎರಡು ಸಾಲುಗಳಿಂದ ಒಂದೇ ಚಿತ್ರ ಬರಬಹುದು, ಒಂದೇ ಸಾಲು ಎರಡು ಫಾಂಟಿನಲ್ಲಿ ಎರಡು ರೂಪ ತಾಳಬಹುದು. ಹುಡುಕುವ ತಂತ್ರಾಂಶ, ಅಕಾರಾದಿಯಾಗಿ ಜೋಡಿಸುವ ತಂತ್ರಾಂಶ, ದೃಷ್ಟಿಯಿಲ್ಲದವರಿಗೆ ಪುಟ ಓದಿ ಹೇಳುವ ತಂತ್ರಾಂಶ, ಇವಕ್ಕೆಲ್ಲ ಬೇಕಾದದ್ದು ಆ ಸಾಲು. ಚಿತ್ರವನ್ನು ಅವು ಕಣ್ಣೆತ್ತಿಯೂ ನೋಡುವುದಿಲ್ಲ. ನಾವು ಕಣ್ಣಿಟ್ಟು ತಿದ್ದುವುದು ಚಿತ್ರವನ್ನು, ಲೋಕಕ್ಕೆ ಹೋಗುವುದು ಸಾಲು. ಈ ಫಜೀತಿ ಮೊಳೆ ಜೋಡಿಸುತ್ತಿದ್ದ ಕಾಲದ ಕರಡುತಿದ್ದುಗರಿಗೆ ಇರಲಿಲ್ಲ. ಅವರ ಮೇಲೆ ನನಗೆ ಸಣ್ಣದೊಂದು ಹೊಟ್ಟೆಕಿಚ್ಚಿದೆ.

ಸಾಲನ್ನು ತೋರಿಸುವ ಸಲಕರಣೆಗಳಲ್ಲಿ ಹಲವು ಜಾತಿ. ಯುನಿಕ್ಸಿನ ‘ಓಡಿ’ ಎಲ್ಲಕ್ಕಿಂತ ಹಿರಿಯ, 1971ರ ಮೊದಲ ಆವೃತ್ತಿಯಲ್ಲೇ ಇತ್ತು. ಕಡತದ ಬೈಟುಗಳನ್ನು ಎಂಟರ ಎಣಿಕೆಯಲ್ಲಿ ಉಗುಳುತ್ತದೆ. ಅದನ್ನು ಓದಿ ಅಕ್ಷರ ಗುರುತಿಸುವವರು ಬೇರೆಯೇ ಲೋಕದವರು. ಪಠ್ಯ ತಿದ್ದುವ ವಿಮ್ ತಂತ್ರಾಂಶ ಬಳಸುವವರು ಅಕ್ಷರದ ಮೇಲೆ ಕರ್ಸರ್ ಇಟ್ಟು ಜಿ, ಎ ಎಂಬ ಎರಡು ಕೀಲಿ ಒತ್ತಿದರೆ ಸಾಕು, ಸಂಖ್ಯೆ ಕಾಣುತ್ತದೆ. ಜಿ, 8 ಒತ್ತಿದರೆ ಬೈಟುಗಳೇ ಕಾಣುತ್ತವೆ. ವರ್ಡ್‌ನಲ್ಲಿ ಕೆಲಸ ಮಾಡುವ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ: ಅಕ್ಷರದ ಪಕ್ಕ ಕರ್ಸರ್ ನಿಲ್ಲಿಸಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಅಕ್ಷರ ಹೋಗಿ ಅದರ ಸಂಖ್ಯೆ ಕೂರುತ್ತದೆ, ಮತ್ತೊಮ್ಮೆ ಒತ್ತಿದರೆ ಅಕ್ಷರ ಮರಳುತ್ತದೆ. ಪುರುಸೊತ್ತಾಗಿ ನೋಡುವವರಿಗೆ ಬೇಬಲ್‌ಪ್ಯಾಡ್ ಇದೆ. ಅದನ್ನು ಬರೆದ ಆಂಡ್ರ್ಯೂ ವೆಸ್ಟ್, ಅಳಿದುಹೋದ ಟಾಂಗುಟ್ ಭಾಷೆಯ ಲಿಪಿಯ ವಿದ್ವಾಂಸ. ಬ್ರೌಸರಿನಲ್ಲೇ ಸಿಗುವ ಯೂನಿವ್ಯೂ ರಿಚರ್ಡ್ ಇಶಿದಾ ಅವರದ್ದು. ಜಗತ್ತಿನ ಲಿಪಿಗಳನ್ನೆಲ್ಲ ಅಂಗೈಯಲ್ಲಿಟ್ಟು ನೋಡುವ ಹಟ ಇಬ್ಬರಿಗೂ ಇದ್ದುದರಿಂದ ನಮ್ಮ ಕನ್ನಡಕ್ಕೂ ಪುಕ್ಕಟೆಯಾಗಿ ಒಳ್ಳೆಯ ಭೂತಗನ್ನಡಿ ಸಿಕ್ಕಿತು.

‘ಸ್ತ್ರೀ’ ಎಂದು ಹಾಕಿ ನೋಡೋಣ. ಬಾಯಿಗೆ ಇದು ಒಂದೇ ಅಕ್ಷರ. ಛಂದಸ್ಸಿನ ಮೇಷ್ಟ್ರು ಪ್ರಸ್ತಾರ ಹಾಕಿದರೆ ಒಂದು ಗುರು, ಎರಡು ಮಾತ್ರೆ. ಕಿಟಕಿಯಲ್ಲಿ ಆರು ಸಾಲು ಇಳಿಯುತ್ತವೆ. ಸ, ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡ್ ಮಾನಕದಲ್ಲಿ ಅದರ ಮನೆ, ಹದಿನಾರರ ಎಣಿಕೆಯಲ್ಲಿ, 0ಸಿಬಿ8. ಕೆಳಗೆ ವಿರಾಮ, 0ಸಿಸಿಡಿ. ಪಾಪ ಅದಕ್ಕೆ ಒಂಟಿಯಾಗಿ ನಿಲ್ಲಲು ಬಾರದು, ಚುಕ್ಕೆಗಳ ಒಂದು ಖಾಲಿ ವೃತ್ತವನ್ನು ಆತುಕೊಂಡು ನಿಲ್ಲುತ್ತದೆ. ಆಮೇಲೆ ತ, ಮತ್ತೆ ವಿರಾಮ, ರ, ಕಡೆಗೆ ಈಕಾರದ ಚಿಹ್ನೆ, ಅದೂ ಚುಕ್ಕೆವೃತ್ತದ ಮೇಲೆ. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 18. ಇಂಗ್ಲಿಷಿನ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಕೊಟ್ಟವರು ಯೂನಿಕೋಡಿನಲ್ಲಿ ಕಳಿಸುವವರಿಗೆ 70 ಕೊಟ್ಟರು. ಆ 70ರಲ್ಲಿ ಆರನ್ನು ಈ ಒಂದು ಅಕ್ಷರವೇ ನುಂಗುತ್ತದೆ. ಬರೆದದ್ದನ್ನು ಅಳಿಸಲು ಹೊರಟರೂ ಒಳಗಿನ ಕಟ್ಟು ಬಯಲಾಗುತ್ತದೆ. ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿದರೆ ‘ಸ್ತ್ರ’, ಇನ್ನೊಂದು ಸಲ ಒತ್ತಿದರೆ ‘ಸ್ತ್’. ಟೈಪು ಮಾಡುವ ಪ್ರತಿಯೊಬ್ಬರೂ ಇದನ್ನು ದಿನವೂ ನೋಡಿರುತ್ತಾರೆ, ನೋಡಿ ಸುಮ್ಮನಾಗಿರುತ್ತಾರೆ.

ವ್ಯಾಕರಣ ಓದಿದವರಿಗೆ ಇಲ್ಲೊಂದು ತಮಾಷೆ ಕಾದಿದೆ. ಶಾಲೆಯಲ್ಲಿ ನಾವು ಕಲಿತದ್ದು ಕ್ ಮತ್ತು ಅ ಸೇರಿ ಕ ಆಗುತ್ತದೆಂದು. ವ್ಯಂಜನ ಅರೆ, ಸ್ವರ ಕೂಡಿದಾಗ ಪೂರ್ಣ. ಯೂನಿಕೋಡಿನ ಲೆಕ್ಕ ತಿರುವುಮುರುವು. ಅಲ್ಲಿ ಕ ಎನ್ನುವುದೇ ಮೂಲ, ಅಕಾರ ಹೊಟ್ಟೆಯೊಳಗೇ ಇದೆ. ಕ್ ಬೇಕೆಂದರೆ ಕ ಬರೆದು ವಿರಾಮ ಹಾಕಿ ಆ ಅಕಾರವನ್ನು ಕೊಲ್ಲಬೇಕು. ಹಾಗಾಗಿ ಪೂರ್ಣಾಕ್ಷರಕ್ಕೆ ಒಂದು ಸಂಖ್ಯೆ, ಅರ್ಧಾಕ್ಷರಕ್ಕೆ ಎರಡು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಮುಂದೆ ಈ ಕಿಟಕಿಯನ್ನು ತೆರೆದಿಟ್ಟಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದನೇನೋ. ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ. ವ್ಯಾಕರಣ ಕಿವಿಯ ಮಾತು ಹೇಳುತ್ತಿದೆ, ಯೂನಿಕೋಡ್ ಕೈಯ ಮಾತು ಹೇಳುತ್ತಿದೆ. ಕೈಗೆ ಮೊದಲು ಬರುವುದು ಕ. ಕೆ. ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಕೀಲಿಮಣೆಯೂ ಇದೇ ಹಾದಿಯದು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ ಒತ್ತುತ್ತೇವೆ. ಕಿಟಕಿಯಲ್ಲಿ ಕ, ನ, ವಿರಾಮ, ನ, ಡ ಎಂಬ ಐದೇ ಸಾಲು ಮೂಡುತ್ತವೆ. ಒತ್ತಿದ್ದೂ ಇಳಿದದ್ದೂ ಒಂದಕ್ಕೊಂದು ಸರಿಹೊಂದಿದಾಗ ಸಿಗುವ ಸಮಾಧಾನ ಲೆಕ್ಕಪತ್ರ ಬರೆಯುವವರಿಗೆ ಗೊತ್ತು.

ನಿಜ ಹೇಳಬೇಕೆಂದರೆ ಕನ್ನಡದ ಮೊದಲ ಅಕ್ಷರ ಬಿಡಿಸುವ ಸಲಕರಣೆ ಒಂದನೇ ಕ್ಲಾಸಿನ ಮೇಷ್ಟ್ರ ಬೆತ್ತ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ಕೊಂಬಿನಿಳಿ, ವಟ್ರಸುಳಿ, ಎತ್ವ, ಐತ್ವ, ಓತ್ವ, ಔತ್ವ. ಅಕ್ಷರದ ಒಂದೊಂದು ಅಂಗಕ್ಕೂ ಹೆಸರಿತ್ತು. ನನ್ನ ಕಿಟಕಿ ಅದನ್ನೇ ‘ಕನ್ನಡ ವವೆಲ್ ಸೈನ್ ಐ’ ಎಂದು ಒಣಕಲು ಇಂಗ್ಲಿಷಿನಲ್ಲಿ ಹೇಳುತ್ತದೆ. ಗುಡಿಸಿಗೂ ಕೊಂಬಿಗೂ ಮನೆ ನಂಬರು ಸಿಕ್ಕಿದೆ, ತಲಕಟ್ಟಿಗೆ ಸಿಕ್ಕಿಲ್ಲ. ಕ ಎಂಬ ಅಕ್ಷರದ ತಲೆಯ ಮೇಲೆ ಅದು ಕಾಣುತ್ತದೆ, ‘ಕಿ’ ಬರೆದಾಗ ಮಾಯವಾಗುತ್ತದೆ. ಎರಡೂ ಫಾಂಟಿನ ಕೈವಾಡ. ಸಂಖ್ಯೆಗಳ ಸಾಲಿನಲ್ಲಿ ಅದು ಇರಲೇ ಇಲ್ಲ.

ಓತ್ವದ ಕತೆ ಇನ್ನೂ ಸೊಗಸು. ‘ಕೋ’ ಎಂಬುದನ್ನು ಬಿಚ್ಚಿದರೆ ಸಾಮಾನ್ಯವಾಗಿ ಎರಡು ಸಾಲು: ಕ, ಮತ್ತು ಓಕಾರದ ಚಿಹ್ನೆ. ಕೆಲವೊಮ್ಮೆ ಅದೇ ‘ಕೋ’ ನಾಲ್ಕು ಸಾಲಾಗಿ ಬಿಚ್ಚಿಕೊಳ್ಳುತ್ತದೆ: ಕ, ಎತ್ವ, ಕೊಂಬಿನಿಳಿ, ಕೊನೆಗೆ ದೀರ್ಘದ ಗುರುತು. ಕಾಗದದ ಮೇಲೆ ಕೈ ಮಾಡುವ ಕೆಲಸವನ್ನು ಯಥಾವತ್ತಾಗಿ ಬರೆದಿಟ್ಟಂತಿದೆ. ಯೂನಿಕೋಡಿನ ನಿಯಮದಂತೆ ಎರಡೂ ಸಮಾನ. ಯಾವ ಒಳ್ಳೆಯ ತಂತ್ರಾಂಶವೂ ಇವನ್ನು ಒಂದೇ ಎಂದು ಕಾಣಬೇಕು. ಎಲ್ಲ ತಂತ್ರಾಂಶವೂ ಒಳ್ಳೆಯದಾಗಿರಬೇಕಲ್ಲ! ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತಗಳ ಹೆಸರನ್ನು ಬಿಚ್ಚಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ‘ಕೋಲಾರ’ ಎಂಬ ಕಡತವನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಅಲ್ಲಿನ ಕೀಲಿಮಣೆಯಲ್ಲಿ ‘ಕೋಲಾರ’ ಎಂದು ಹುಡುಕಿದರೆ ಸಿಗದೆ ಹೋಗಬಹುದು. ಕಣ್ಣೆದುರೇ ಇರುವ ಕೋಲಾರವನ್ನು ಕಂಪ್ಯೂಟರು ಇಲ್ಲವೆನ್ನುವಾಗ ಸಿಟ್ಟು ಬರುವುದು ಸಹಜ. ಎರಡನ್ನೂ ಕಿಟಕಿಗೆ ಹಾಕಿ, ಒಂದು ಐದು ಸಾಲು, ಇನ್ನೊಂದು ಏಳು ಸಾಲು ಎಂದು ಕಂಡಮೇಲೆ ಸಿಟ್ಟು ಇಳಿಯುತ್ತದೆ.

ಮನೆ ನಂಬರುಗಳೂ ಸುಮ್ಮನೆ ಹಂಚಿದವಲ್ಲ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಭಾರತದ ಲಿಪಿಗಳನ್ನು ನಮ್ಮ ದೇಶದ್ದೇ ಆದ ಇಸ್ಕಿ ಮಾನಕದ 1988ರ ಆವೃತ್ತಿಯನ್ನು ಆಧರಿಸಿ ಕೂರಿಸಿದರು. ಪ್ರತಿ ಲಿಪಿಗೂ 128 ಮನೆಗಳ ಒಂದು ಬೀದಿ, ಎಲ್ಲ ಬೀದಿಗಳ ವಿನ್ಯಾಸವೂ ಒಂದೇ. ಹತ್ತರ ಎಣಿಕೆಯಲ್ಲಿ ಕನ್ನಡದ ಕ 3221ನೆಯ ಮನೆ. 128 ಕಳೆದರೆ 3093, ಅದು ತೆಲುಗಿನ ಕ. 128 ಕೂಡಿದರೆ 3349, ಅದು ಮಲಯಾಳದ ಕ. ತೆಲುಗಿನಲ್ಲಿ ಬರೆದದ್ದನ್ನು ಕನ್ನಡ ಅಕ್ಷರದಲ್ಲಿ ಓದಬೇಕೆಂದರೆ ಪ್ರತಿ ಸಂಖ್ಯೆಗೂ 128 ಕೂಡಿಸುತ್ತ ಹೋದರೆ ಬಹುಪಾಲು ಕೆಲಸ ಮುಗಿಯಿತು. ಭಾಷೆಗಳ ನಂಟಿನ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ಈ ಕೂಡುವ ಲೆಕ್ಕದಷ್ಟು ಮನಸ್ಸಿಗೆ ನಾಟಿದ್ದು ಕಡಿಮೆ.

ಒಂದೇ ನಕ್ಷೆಯಲ್ಲಿ ಕಟ್ಟಿದ ಬೀದಿಗಳಲ್ಲಿ ಖಾಲಿ ಮನೆಗಳೂ ಉಳಿಯುತ್ತವೆ, ಯಾರದೋ ಮನೆಯಲ್ಲಿ ಇನ್ಯಾರೋ ಇರುವುದೂ ಉಂಟು. ಹಳಗನ್ನಡದ ೞ ಅಕ್ಷರವನ್ನು ಕಿಟಕಿಗೆ ಹಾಕಿ ನೋಡಿ. ಪೞೆಯ, ಏೞು, ಬಾೞ್ ಎಂದು ಬರೆಯುತ್ತಿದ್ದ ಆ ೞ. ಎದುರಿಗೆ ಬರುವ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಫ! ಶಾಸನ ಓದುವವರ ಮುಂದೆ ಇದನ್ನು ಹೇಳಿದರೆ ಹೊಡೆಯಲು ಬರುತ್ತಾರೆ. ತಮಿಳು, ಮಲಯಾಳದ ಬೀದಿಗಳಲ್ಲಿ ೞಕಾರ ಇರುವ ಜಾಗಕ್ಕೆ ಸರಿಯಾಗಿ ಕನ್ನಡದಲ್ಲಿರುವ ಮನೆ 0ಸಿಬಿ4, ಅದು ಇಂದಿಗೂ ಬೀಗ ಹಾಕಿಕೊಂಡು ಬಿದ್ದಿದೆ. ನಮ್ಮ ೞ ಇರುವುದು 0ಸಿಡಿಇಯಲ್ಲಿ. ದೇವನಾಗರಿಯ ಬೀದಿಯಲ್ಲಿ ಅದೇ ಜಾಗದಲ್ಲಿರುವುದು ಚುಕ್ಕೆಯಿಟ್ಟ ಫ. ಹೆಸರು ಎಲ್ಲಿಂದ ಅಂಟಿಕೊಂಡಿರಬೇಕು ಎಂದು ಊಹಿಸಲು ಪಾಂಡಿತ್ಯ ಬೇಡ. ತಪ್ಪು ಯೂನಿಕೋಡಿನವರಿಗೂ ತಿಳಿದಿದೆ. ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಕೂಡದೆಂಬ ಕಟ್ಟಳೆಯನ್ನು ಅವರೇ ಮಾಡಿಕೊಂಡಿರುವುದರಿಂದ ಸರಿಯಾದ ಹೆಸರನ್ನು ಅಧಿಕೃತ ಉಪನಾಮವಾಗಿ ಸೇರಿಸಿ ಸುಮ್ಮನಾದರು. ಒಳ್ಳೆಯ ಸಲಕರಣೆಗಳು ಎರಡೂ ಹೆಸರು ತೋರಿಸುತ್ತವೆ, ಸೋಮಾರಿ ಸಲಕರಣೆಗಳು ಫ ಎಂದೇ ಹೇಳುತ್ತವೆ. ಪಕ್ಕದ 0ಸಿಡಿಡಿ ಮನೆಗೆ 2021ರಲ್ಲಿ ನಕಾರ ಪೊಲ್ಲು ಬಂದು ಸೇರಿತು. ಅದಕ್ಕಿಂತ ಹಳೆಯ ಸಲಕರಣೆಯಿದ್ದರೆ ಆ ಮನೆಯಲ್ಲಿ ಯಾರೂ ಇಲ್ಲವೆಂದೇ ಸಾಧಿಸುತ್ತದೆ. ತುಳು-ತಿಗಳಾರಿಗೆ ಸ್ವಂತ ಬೀದಿ ಸಿಕ್ಕಿದ್ದು 2024ರಲ್ಲಿ. ಸಲಕರಣೆಯನ್ನು ಆಗಾಗ ಹೊಸದು ಮಾಡಿಕೊಳ್ಳದಿದ್ದರೆ ಈ ಹೊಸ ನೆರೆಹೊರೆಯವರ ಪರಿಚಯವಾಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಾಣುವ ಅಕ್ಷರಗಳ ಕತೆ. ಈ ಕಿಟಕಿಯ ನಿಜವಾದ ಉಪಯೋಗ ಕಾಣದ ಅಕ್ಷರಗಳಲ್ಲಿದೆ. ‘ರಾಜ್‌ಕುಮಾರ್’ ಎಂಬ ಹೆಸರನ್ನು ಬಿಚ್ಚಿದರೆ ಹನ್ನೊಂದು ಸಾಲು. ರ, ಇಳಿ, ಜ, ವಿರಾಮ ಆದಮೇಲೆ ಐದನೆಯದೊಂದು ಬರುತ್ತದೆ, ಹೆಸರು ‘ಝೀರೋ ವಿಡ್ತ್ ನಾನ್ ಜಾಯಿನರ್’. ಅಗಲ ಸೊನ್ನೆ, ಆಕಾರ ಸೊನ್ನೆ, ಕೆಲಸ ಮಾತ್ರ ಭಾರಿ. ಹಿಂದಿನ ಜಕಾರಕ್ಕೆ ಮುಂದಿನ ಕಕಾರ ಒತ್ತಾಗಿ ಹೋಗಿ ಅಂಟಿಕೊಳ್ಳದಂತೆ ನಡುವೆ ನಿಂತು ತಡೆಯುವುದು. ಅದನ್ನು ತೆಗೆದರೆ ನಮ್ಮ ವರನಟ ‘ರಾಜ್ಕುಮಾರ್’ ಆಗುತ್ತಾರೆ. ಕೆಲವು ತಂತ್ರಾಂಶಗಳು ಇದನ್ನು ಕಸವೆಂದು ಭಾವಿಸಿ ಗುಡಿಸಿ ಎಸೆಯುತ್ತವೆ. ಪತ್ರಿಕೆಗಳ ಜಾಲತಾಣಗಳಲ್ಲಿ ಕಾಣುವ ಎಷ್ಟೋ ವಿಚಿತ್ರ ಒತ್ತಕ್ಷರಗಳ ಮೂಲ ಇದೇ. ಗಮನಿಸಿ ನೋಡಿದರೆ ಇದರ ಅಗತ್ಯ ಬೀಳುವುದು ಹೆಚ್ಚಾಗಿ ಎರವಲು ಪದಗಳಿಗೆ: ಫೇಸ್‌ಬುಕ್, ಸಾಫ್ಟ್‌ವೇರ್, ಆನ್‌ಲೈನ್. ಇಂದಿನ ಅಚ್ಚಗನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಅವಕ್ಕೆ ಈ ಕಾವಲುಗಾರ ಬೇಡ. ಯಾವುದಾದರೂ ಲೇಖನದಲ್ಲಿ ಎಷ್ಟು ಇಂಗ್ಲಿಷ್ ನುಸುಳಿದೆ ಎಂದು ತಿಳಿಯಬೇಕಾದರೆ ನಾನು ಓದುವ ಗೋಜಿಗೇ ಹೋಗದೆ ಈ ಶೂನ್ಯಾಕ್ಷರಗಳನ್ನು ಎಣಿಸಿಬಿಡುತ್ತೇನೆ. ಅಂದಾಜು ಬಹುಮಟ್ಟಿಗೆ ಸರಿಹೋಗುತ್ತದೆ. ಈ ಪ್ರಬಂಧವನ್ನು ದಯವಿಟ್ಟು ಎಣಿಸಬೇಡಿ.

ಅದಕ್ಕೆ ಒಬ್ಬ ತಮ್ಮನಿದ್ದಾನೆ, ಹೆಸರಿನಲ್ಲಿ ‘ನಾನ್’ ಇಲ್ಲದವನು. ‘ಸೂರ್ಯ’ ಎಂದು ಬರೆದರೆ ಅರ್ಕಾವೊತ್ತು ಯಕಾರದ ಬಲಕ್ಕೆ ಹೋಗುತ್ತದೆ. ರಕಾರವನ್ನು ಎಡಕ್ಕೇ ಉಳಿಸಿ ಯಕಾರವನ್ನು ಕೆಳಗೆ ಒತ್ತಾಗಿ ಬರೆಯಬೇಕೆಂದರೆ ರಕಾರದ ಬೆನ್ನಿಗೆ ಈ ತಮ್ಮನನ್ನು ಕೂರಿಸಬೇಕು, ಆಗ ‘ಸೂರ‍್ಯ’. ಎರಡೂ ಶುದ್ಧ ಬರವಣಿಗೆಯೇ, ಎರಡನ್ನೂ ಕನ್ನಡಿಗರು ಬರೆದಿದ್ದಾರೆ. ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಸೂರ್ಯರು. ಕಾಣದ ಅಕ್ಷರ ಎಷ್ಟು ಅನಾಹುತ ಮಾಡಬಲ್ಲದು ಎನ್ನುವುದಕ್ಕೆ 2018ರ ಫೆಬ್ರವರಿಯಲ್ಲಿ ಜಗತ್ತಿಗೇ ಸಾಕ್ಷಿ ಸಿಕ್ಕಿತು. ತೆಲುಗಿನ ಒಂದೇ ಒಂದು ‘ಜ್ಞಾ’ ಇರುವ ಸಂದೇಶ ಬಂದರೆ ಐಫೋನಿನ ಆ್ಯಪುಗಳು ಧೊಪ್ಪನೆ ಮುಚ್ಚಿಕೊಳ್ಳುತ್ತಿದ್ದವು. ತೆಲುಗರು ದಿನವೂ ಜ್ಞಾನ, ವಿಜ್ಞಾನ ಎಂದು ಬರೆಯುವವರೇ. ಅದರಿಂದ ಏನೂ ಆಗುತ್ತಿರಲಿಲ್ಲ. ಕೇಡು ಮಾಡುತ್ತಿದ್ದ ಅಕ್ಷರವನ್ನು ಬಿಚ್ಚಿದಾಗ ಞ ಮತ್ತು ಇಳಿಯ ನಡುವೆ ನಮ್ಮ ಶೂನ್ಯಾಕ್ಷರ ಅಡಗಿ ಕೂತಿರುವುದು ಕಂಡಿತು. ಸಹಜ ಬರವಣಿಗೆಯಲ್ಲಿ ಅದು ಅಲ್ಲಿ ಬರಲು ಕಾರಣವೇ ಇಲ್ಲ. ಐಒಎಸ್ 11.2.6 ಬಂದು ಆ ಪೀಡೆ ತೊಲಗಿತು. ‘ತೆಲುಗು ಅಕ್ಷರ ಫೋನ್ ಕೆಡಿಸುತ್ತದೆ’ ಎಂಬ ತಲೆಬರಹಗಳು ಮಾತ್ರ ಹಾಗೇ ಉಳಿದವು.

ಕನ್ನಡ ಪೂರ್ತಿ ಕಲಸಿಹೋಗಿ ಬರುವ ಕಡತಗಳದ್ದು ಇನ್ನೊಂದು ಬಗೆ. ತಲೆಯ ಮೇಲೆ ಓರೆಗೆರೆಯಿರುವ ಎ, ಅದರ ಪಕ್ಕ ವರ್ಗಕ್ಕೆ ಹಾಕುವ ಚಿಕ್ಕ 2. ಮತ್ತೆ ಅದೇ ಎ, ಪಕ್ಕದಲ್ಲಿ ಘನಕ್ಕೆ ಹಾಕುವ ಚಿಕ್ಕ 3. ಪುಟದ ತುಂಬ ಇದೇ ಸುರಿದಿದ್ದರೆ ಗಾಬರಿ ಬೇಡ, ಕನ್ನಡ ಪೂರ್ತಿ ಸುರಕ್ಷಿತವಾಗಿದೆ. ಯುಟಿಎಫ್-8ರಲ್ಲಿ ಬರೆದದ್ದನ್ನು ಪಾಶ್ಚಾತ್ಯ ಭಾಷೆಗಳ ಹಳೆಯ ಪದ್ಧತಿಯಲ್ಲಿ ತೆರೆದಿದ್ದಾರೆ, ಅಷ್ಟೇ. ನಮ್ಮ ವ್ಯಂಜನಗಳೆಲ್ಲ ವರ್ಗದ 2 ಹೊತ್ತು ಬರುತ್ತವೆ, ವಿರಾಮ, ಕೊಂಬು, ಎತ್ವಗಳು ಘನದ 3 ಹೊತ್ತು ಬರುತ್ತವೆ. ತೆಲುಗಾಗಿದ್ದರೆ ಅಲ್ಲಿ ಜ್ವರದ ಡಿಗ್ರಿ ಗುರುತೂ ಕೂಡು-ಕಳೆ ಗುರುತೂ ಇರುತ್ತಿತ್ತು. ದೇವನಾಗರಿಯಾಗಿದ್ದರೆ ಜಪಾನಿನ ಯೆನ್ ಕೂಡ ಇಣುಕುತ್ತಿತ್ತು. ಅಭ್ಯಾಸವಾದಮೇಲೆ ಇದಕ್ಕೆ ಕಿಟಕಿಯೂ ಬೇಡ, ದೂರದಿಂದಲೇ ಯಾವ ಭಾಷೆಯೆಂದು ಗೊತ್ತಾಗುತ್ತದೆ.

ಇದಕ್ಕಿಂತ ಗಡುಸಾದದ್ದು ಯೂನಿಕೋಡ್ ಬಳಕೆಗೆ ಬರುವ ಮೊದಲಿನ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳು. ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಕಡತ ತೆರೆದು ‘ಕನ್ನಡ’ ಎಂಬ ಪದವನ್ನು ಕಿಟಕಿಗೆ ಹಾಕಿದರೆ ಏಳು ಸಾಲು ಬರುತ್ತವೆ: ಇಂಗ್ಲಿಷಿನ ದೊಡ್ಡ ಪಿ, ಓರೆಗೆರೆಯ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಓರೆಗೆರೆಯ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಪುನಃ ಓರೆಗೆರೆಯ ಎ. ಒಂದೇ ಒಂದು ಕನ್ನಡದ ಅಕ್ಷರವಿಲ್ಲ. ಯುರೋಪಿನ ಅಕ್ಷರಗಳಿಗೆ ಕನ್ನಡದ ತುಣುಕುಗಳ ವೇಷ ಹಾಕಿ ನಾವು ವರ್ಷಗಟ್ಟಲೆ ಕಚೇರಿ ಆದೇಶ, ಕಾದಂಬರಿ, ಮದುವೆ ಕರೆಯೋಲೆ ಎಲ್ಲವನ್ನೂ ಬರೆದೆವು. ಮೂರು ಸಲ ಬಂದ ಆ ಓರೆಗೆರೆಯ ಎ ಯಾರೆಂದು ಯೋಚಿಸಿ. ಕ, ನ, ಡ, ಮೂರರ ತಲೆಯ ಮೇಲೂ ಇರುವುದು ಒಂದೇ, ತಲಕಟ್ಟು! ಯೂನಿಕೋಡಿನಲ್ಲಿ ಸೂರಿಲ್ಲದ ಅದಕ್ಕೆ ಅಲ್ಲಿ ಸ್ವಂತ ಮನೆಯಿತ್ತು. ಅಂದಿನ ಪದ್ಧತಿ ಅಕ್ಷರವನ್ನು ಬರೆಯುತ್ತಿರಲಿಲ್ಲ, ಅಕ್ಷರದ ಚೂರುಗಳನ್ನು ಪೋಣಿಸುತ್ತಿತ್ತು. ಆ ಕಾಲದಲ್ಲಿ ಅದು ನಮ್ಮನ್ನು ಕಾಪಾಡಿತು, ಅದಕ್ಕೆ ಕೃತಜ್ಞನಾಗಿದ್ದೇನೆ. ಈಗಲೂ ಅದರಲ್ಲೇ ಹೊಸದಾಗಿ ಬರೆದು ಕಳಿಸುವವರಿಗೆ ಮಾತ್ರ ಕೃತಜ್ಞನಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಪ್ರಾಣಿ ತೀರ ಸಣ್ಣದು, ಗುಂಡಗಿದೆ. ಈ ಎರಡು ಹೆಸರು ನೋಡಿ: ಅಂಕೋಲಾ, ಅ೦ಕೋಲಾ. ಕರಾವಳಿಯ ಒಬ್ಬ ಹಿರಿಯರ ನೆನಪಿನ ಪುಸ್ತಕಕ್ಕೆ ಊರುಗಳ ಸೂಚಿ ತಯಾರಾಗುತ್ತಿತ್ತು. ತಂತ್ರಾಂಶ ಜೋಡಿಸಿಕೊಟ್ಟ ಪಟ್ಟಿಯಲ್ಲಿ ಅಂಕೋಲಾ ಎರಡು ಕಡೆ. ಒಂದು ಅಕಾರದ ಪಟ್ಟಿಯ ತಲೆಯಲ್ಲಿ, ಇನ್ನೊಂದು ಅಕ್ಕಿಹೆಬ್ಬಾಳು, ಅರಕಲಗೂಡು, ಅರಸೀಕೆರೆ ಎಲ್ಲ ಮುಗಿದಮೇಲೆ ಬುಡದಲ್ಲಿ. ಮೊದಲನೆಯದರ ಪುಟಸಂಖ್ಯೆಗಳೇ ಬೇರೆ, ಎರಡನೆಯದರವೇ ಬೇರೆ. ಎಷ್ಟು ಕಣ್ಣಗಲಿಸಿ ನೋಡಿದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಿಟಕಿಗೆ ಹಾಕಿದ ಕೂಡಲೇ ಬಣ್ಣ ಬಯಲಾಯಿತು. ಒಂದರಲ್ಲಿ ಎರಡನೆಯ ಸಾಲು ‘ಕನ್ನಡ ಸೈನ್ ಅನುಸ್ವಾರ’, ಮನೆ 0ಸಿ82. ಇನ್ನೊಂದರಲ್ಲಿ ‘ಕನ್ನಡ ಡಿಜಿಟ್ ಝೀರೋ’, ಮನೆ 0ಸಿಇ6. ಹಸ್ತಪ್ರತಿಯ ಅರ್ಧವನ್ನು ಒಬ್ಬರು, ಇನ್ನರ್ಧವನ್ನು ಇನ್ನೊಬ್ಬರು ಟೈಪು ಮಾಡಿದ್ದರು. ಎರಡನೆಯವರಿಗೆ ಅನುಸ್ವಾರ ಬೇಕಾದಲ್ಲೆಲ್ಲ ಅಂಕಿಯ ಸೊನ್ನೆ ಒತ್ತುವ ಅಭ್ಯಾಸ. ಅಚ್ಚಾದ ಪುಸ್ತಕ ಓದುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಅದರ ವಿದ್ಯುನ್ಮಾನ ಪ್ರತಿಯಲ್ಲಿ ಕುಂದಾಪುರ, ಮಂಗಳೂರು, ಗಂಗಾವಳಿ ಹುಡುಕಿದರೆ ಅರ್ಧ ಪುಸ್ತಕದಲ್ಲಿ ಆ ಊರುಗಳೂ ಆ ಹೊಳೆಯೂ ಇಲ್ಲವೇ ಇಲ್ಲ.

ಇದೊಂದು ಪುಸ್ತಕದ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. ಅಂತರಜಾಲದ ಕನ್ನಡದಲ್ಲಿ ‘ಬೆ೦ಗಳೂರು’, ‘ಎ೦ದು’, ‘ನಾನೊ೦ದು’ ರಾಶಿ ಬಿದ್ದಿವೆ. ಕನ್ನಡದಲ್ಲಿ ಅನುಸ್ವಾರವಿಲ್ಲದ ಪುಟವನ್ನು ತೋರಿಸುವುದು ಕಷ್ಟ, ಹಾಗಾಗಿ ಈ ಅಭ್ಯಾಸವಿರುವವರ ಬರಹದಲ್ಲಿ ಈ ಒಂದು ಸೊನ್ನೆ ಮುಟ್ಟದ ಪುಟವೂ ಕಡಿಮೆ. ಅನುಸ್ವಾರ ಗುಂಡಗಿರಬೇಕು, ಅದರ ಒಳಗೇನಿದ್ದರೂ ಸರಿ ಎನ್ನುವುದು ಕಾಗದದ ಕಾಲದ ಧೋರಣೆ. ನಾವು ಬರೆದದ್ದನ್ನು ಇನ್ನು ಮುಂದೆ ಮೊದಲು ಓದುವುದು ಯಂತ್ರಗಳೇ, ಅವು ಓದಿ ಎತ್ತಿಕೊಟ್ಟರೆ ಮನುಷ್ಯರು ಓದುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನಿಮ್ಮದೋ ನಿಮ್ಮ ಹಿರಿಯರದೋ ಕನ್ನಡ ಬರವಣಿಗೆಯ ಕಡತವಿದ್ದರೆ ಇವತ್ತು ಒಮ್ಮೆ ತೆರೆಯಿರಿ. ಬೇರೆ ಯಾವ ಸಲಕರಣೆಯೂ ಬೇಡ. ಹುಡುಕುವ ಜಾಗದಲ್ಲಿ ಕನ್ನಡದ ಅಂಕಿ ೦ ಹಾಕಿ, ಪದಗಳ ನಡುವೆ ಅದು ಎಲ್ಲೆಲ್ಲಿ ಕೂತಿದೆ ನೋಡಿ, ಸಿಕ್ಕಲ್ಲೆಲ್ಲ ಅನುಸ್ವಾರವಾಗಿ ಬದಲಿಸಿ. ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯನ್ನು ಮಾತ್ರ ಒತ್ತಬೇಡಿ. ಅದರಲ್ಲಿ ೧೯೫೦, ೨೦೦೦ ಎಂದು ಬರೆದ ಇಸವಿಗಳೂ ಇರುತ್ತವೆ.